ತಡೆದು ನುಡಿದ ದೊರೆ

ಒಬ್ಬ ಮನುಷ್ಯ ಸಾವಿರಾರು ಜನರ ಮುಂದೆ ಬಾಯಿ ತೆರೆದು, ಮಾತು ಹೊರಡದೆ ನಿಂತದ್ದನ್ನು ನೋಡುವುದು ನೋಡುವವರಿಗೂ ಒಂದು ಯಾತನೆಯೇ. ‘ದಿ ಕಿಂಗ್ಸ್ ಸ್ಪೀಚ್’ ಎಂಬ ಇಂಗ್ಲಿಷ್ ಚಲಚ್ಚಿತ್ರ ಅಂಥ ದೃಶ್ಯದಿಂದಲೇ ಆರಂಭವಾಗುತ್ತದೆ. 1925ನೆಯ ಇಸವಿ, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ, ಬ್ರಿಟಿಷ್ ಸಾಮ್ರಾಜ್ಯದ ಮಹಾ ವಸ್ತುಪ್ರದರ್ಶನದ ಮುಕ್ತಾಯ ಸಮಾರಂಭ. ದೊರೆ ಐದನೆಯ ಜಾರ್ಜರ ಎರಡನೆಯ ಮಗ, ಯಾರ್ಕಿನ ಡ್ಯೂಕ್ ಆಲ್ಬರ್ಟ್, ಭಾಷಣ ಮಾಡಬೇಕಾಗಿದೆ. ತುಟಿ ಅಲುಗುತ್ತದೆ, ಗಂಟಲು ಬಿಗಿಯುತ್ತದೆ. ಮಾತು ಮಾತ್ರ ಬರುವುದಿಲ್ಲ. ಧ್ವನಿವರ್ಧಕಗಳು ಅವರ ತೊದಲನ್ನೇ ದೊಡ್ಡದು ಮಾಡಿ ಮೈದಾನದ ತುಂಬ ಹರಡುತ್ತವೆ.

2010ರಲ್ಲಿ ಬಂದ ಈ ಚಿತ್ರ ಮರುವರ್ಷ ನಾಲ್ಕು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು: ಶ್ರೇಷ್ಠ ಚಿತ್ರ, ನಿರ್ದೇಶನಕ್ಕೆ ಟಾಮ್ ಹೂಪರ್, ಚಿತ್ರಕಥೆಗೆ ಡೇವಿಡ್ ಸೈಡ್ಲರ್, ನಟನೆಗೆ ಕಾಲಿನ್ ಫರ್ತ್. ಕಥೆ ಬಹುಮಂದಿ ವಾಚಕರಿಗೆ ಗೊತ್ತಿದ್ದೀತು. ಉಗ್ಗುವ ರಾಜಕುಮಾರ, ಅವರಿಗೆ ಮಾತು ಕಲಿಸುವ ಆಸ್ಟ್ರೇಲಿಯದ ಲಯನೆಲ್ ಲೋಗ್, ಅಣ್ಣನ ಸಿಂಹಾಸನತ್ಯಾಗ, ಬೇಡವೆಂದರೂ ತಲೆಗೆ ಬಂದ ಕಿರೀಟ, ಕೊನೆಗೆ 1939ರ ಸೆಪ್ಟೆಂಬರ್ 3ರ ಸಂಜೆ ಆರನೆಯ ಜಾರ್ಜರಾಗಿ ಮಾಡಿದ ಯುದ್ಧಕಾಲದ ಬಾನುಲಿ ಭಾಷಣ. ಈಚೆಗೆ ಈ ಚಿತ್ರವನ್ನು ಎರಡನೆಯ ಬಾರಿ ನೋಡಿದೆ. ಮೊದಲ ಸಲ ಕಣ್ಣೊರೆಸಿಕೊಂಡು ಎದ್ದು ಬಂದಿದ್ದವನು ಈ ಸಲ ಚರಿತ್ರೆಯ ಪುಸ್ತಕಗಳನ್ನು ಹುಡುಕಿಕೊಂಡು ಹೋದೆ. ಅದಕ್ಕೆ ಒಂದು ಹಳೆಯ ಕಾರಣವಿದೆ.

ನಮ್ಮ ಮಿಡಲ್ ಸ್ಕೂಲಿನಲ್ಲಿ ನನ್ನ ಬೆಂಚಿನಲ್ಲೇ ಕೂಡುತ್ತಿದ್ದ ಹುಡುಗನೊಬ್ಬನಿಗೆ ಉಗ್ಗು ಇತ್ತು. ಹಾಜರಿ ಕೂಗುವಾಗ ಅವನ ಸರದಿ ಬಂದರೆ ತರಗತಿಯೆಲ್ಲ ನಗುವುದಕ್ಕೆ ಸಿದ್ಧವಾಗುತ್ತಿತ್ತು. ‘ಹಾಜರ್ ಸಾರ್’ ಎಂಬ ಎರಡು ಮಾತಿನ ‘ಹಾ’ ಹೊರಡುವ ಮುಂಚೆಯೇ ಮೇಷ್ಟ್ರು ಮುಂದಿನ ಹೆಸರಿಗೆ ಹೋಗಿರುತ್ತಿದ್ದರು. ಕಣ್ಣೆದುರಿಗೆ ಕುಳಿತಿದ್ದವನು ಪುಸ್ತಕದಲ್ಲಿ ಗೈರುಹಾಜರಾಗುತ್ತಿದ್ದ. ಆದರೆ ಶನಿವಾರದ ಭಜನೆಯಲ್ಲಿ ಆ ಹುಡುಗನದೇ ಮೇಲುದನಿ, ಒಂದಕ್ಷರವೂ ತಡೆಯುತ್ತಿರಲಿಲ್ಲ. ಇದನ್ನು ಕಂಡ ಮೇಷ್ಟ್ರು ‘ಹಾಡೋಕೆ ಬರುತ್ತೆ, ಮಾತಾಡೋಕೆ ಬರೋಲ್ಲವೇನೋ, ಕಳ್ಳ’ ಎಂದು ಬೆತ್ತ ಎತ್ತಿದ್ದು ನನಗೆ ಇಂದಿಗೂ ನೆನಪಿದೆ. ನಗುತ್ತಿದ್ದವರಲ್ಲಿ ನಾನೂ ಒಬ್ಬ. ಏಳನೆಯ ತರಗತಿ ಮುಗಿಯುವ ಮುನ್ನ ಅವನು ಶಾಲೆ ಬಿಟ್ಟ. ವೆಂಬ್ಲಿಯ ದೃಶ್ಯದಲ್ಲಿ ನನಗೆ ಕಂಡದ್ದು ಡ್ಯೂಕರಲ್ಲ, ಆ ಹುಡುಗ.

ಇರಲಿ, ದೊರೆಯ ಕಥೆಗೆ ಬರೋಣ. ಆಲ್ಬರ್ಟ್ ಹುಟ್ಟಿದ್ದು 1895ರ ಡಿಸೆಂಬರ್ 14ರಂದು. ಅದು ವಿಕ್ಟೋರಿಯ ರಾಣಿಯ ಗಂಡ ತೀರಿಕೊಂಡ ದಿನ; ಮನೆಯವರಿಗೆ ಸೂತಕದ ದಿನವಿದ್ದಂತೆ. ಸಮಾಧಾನಕ್ಕೆಂದೇ ಮಗುವಿಗೆ ಆ ಮುತ್ತಾತನ ಹೆಸರನ್ನಿಟ್ಟರು. ಮಗು ಎಡಚ, ಬಲಗೈಯಲ್ಲೇ ಬರೆಯಬೇಕೆಂದು ಬಲವಂತ ಮಾಡಿದರು. ಮೊಣಕಾಲುಗಳು ಒಳಬಾಗಿದ್ದವೆಂದು ಕಾಲಿಗೆ ದಬ್ಬೆ ಕಟ್ಟಿದರು. ತಂದೆ ನೌಕಾಪಡೆಯ ಶಿಸ್ತಿನವರು. ಮಾತು ತಡೆದಾಗ ಗದರಿಸಿದರೆ ಸರಿಹೋಗುತ್ತದೆಂದು ನಂಬಿದ್ದವರು. ಏಳೆಂಟು ವರ್ಷದ ವೇಳೆಗೆ ಉಗ್ಗು ಗಟ್ಟಿಯಾಯಿತು. ಇಂಗ್ಲಿಷಿನ ಗಡಸು ‘ಕ’ಕಾರ, ‘ಗ’ಕಾರಗಳೇ ಅವರಿಗೆ ಬಹು ಕಷ್ಟ. ವಿಧಿಯ ವಿನೋದವನ್ನು ನೋಡಿ: ರಾಜನ ಮಗನಿಗೆ ‘ಕಿಂಗ್’ ಎಂಬ ಮಾತೂ ‘ಕ್ವೀನ್’ ಎಂಬ ಮಾತೂ ಬಾಯಿಂದ ಹೊರಡವು.

ನೌಕಾ ಶಾಲೆಯಲ್ಲಿ ಆಲ್ಬರ್ಟ್ ತರಗತಿಗೆಲ್ಲ ಕೊನೆಯವರಾದರು. ಉತ್ತರ ಗೊತ್ತಿದ್ದರೂ ಹೇಳಲಾಗದೆ ದಡ್ಡನೆನಿಸಿಕೊಳ್ಳುವುದು ಉಗ್ಗುವ ಮಕ್ಕಳೆಲ್ಲರ ಪಾಡು. ಅರಮನೆಯ ಮಗುವಿಗೂ ಅದು ತಪ್ಪಲಿಲ್ಲ. ಹಾಗೆಂದು ಅವರೇನೂ ಅಂಜುಬುರುಕರಲ್ಲ. 1916ರ ಜಟ್ಲಂಡ್ ನೌಕಾಯುದ್ಧದಲ್ಲಿ ‘ಕಾಲಿಂಗ್‌ವುಡ್’ ಎಂಬ ಯುದ್ಧನೌಕೆಯ ಫಿರಂಗಿ ಗೋಪುರದಲ್ಲಿದ್ದವರು. ಶತ್ರುವಿನ ಗುಂಡಿಗೆ ಹೆದರದವರು ಮೈಕಿಗೆ ಹೆದರಿದರು.

ಹಿಂದಿನ ಕಾಲದಲ್ಲಾಗಿದ್ದರೆ ಈ ಕೊರತೆ ಅಷ್ಟಾಗಿ ಹೊರಬೀಳುತ್ತಿರಲಿಲ್ಲವೇನೋ. ಅಂದಿನ ರಾಜನಿಗೆ ಕುದುರೆಯ ಮೇಲೆ ನೆಟ್ಟಗೆ ಕುಳಿತರೆ ಸಾಕಾಗಿತ್ತು; ದೂರದಿಂದ ಕಂಡರೆ ಪ್ರಜೆಗಳಿಗೆ ತೃಪ್ತಿ. ಬಾನುಲಿ ಬಂದು ಇದನ್ನೆಲ್ಲ ಬದಲಾಯಿಸಿತು. ಐದನೆಯ ಜಾರ್ಜರು 1932ರ ಕ್ರಿಸ್ಮಸ್ ದಿನ ಮೊಟ್ಟಮೊದಲ ಬಾರಿ ಸಾಮ್ರಾಜ್ಯಕ್ಕೆಲ್ಲ ಬಾನುಲಿಯಲ್ಲಿ ಮಾತನಾಡಿದರು. ನಮ್ಮ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ್ದು 1935ರಲ್ಲಿ ಎಂಬುದನ್ನು ನೆನೆದರೆ ಕಾಲದ ಗಾಳಿ ಯಾವ ಕಡೆ ಬೀಸುತ್ತಿತ್ತೆಂಬುದು ತಿಳಿಯುತ್ತದೆ. ಬಾನುಲಿಯಲ್ಲಿ ಕಿರೀಟ ಕಾಣುವುದಿಲ್ಲ, ಪದಕಗಳು ಕಾಣುವುದಿಲ್ಲ. ಉಳಿಯುವುದು ದನಿಯೊಂದೇ.

ಇನ್ನೊಂದು ಮಾತು. ಇಂಗ್ಲೆಂಡಿನ ದೊರೆಗೆ ಆ ವೇಳೆಗೆ ಆಳುವ ಅಧಿಕಾರ ಉಳಿದಿರಲಿಲ್ಲ. ಕಾನೂನು ಮಾಡುವುದು ಪಾರ್ಲಿಮೆಂಟು, ಯುದ್ಧ ಶಾಂತಿಗಳನ್ನು ನಿರ್ಧರಿಸುವುದು ಮಂತ್ರಿಮಂಡಲ. ದೊರೆಗೆ ಉಳಿದಿದ್ದ ಮುಖ್ಯ ಕೆಲಸವೆಂದರೆ ಬೇರೆಯವರು ತೀರ್ಮಾನಿಸಿದ್ದನ್ನು ರಾಷ್ಟ್ರದ ಪರವಾಗಿ ನುಡಿಯುವುದು. ಆಲ್ಬರ್ಟರಿಗೆ ಆಗದಿದ್ದ ಕೆಲಸವೂ ಅದೊಂದೇ.

ಅಂಥ ಹೊತ್ತಿನಲ್ಲಿ ಲೋಗ್ ಬಂದರು. ಅವರು ಹುಟ್ಟಿದ್ದು 1880ರಲ್ಲಿ, ಆಸ್ಟ್ರೇಲಿಯದ ಅಡಿಲೇಡಿನಲ್ಲಿ. ವೈದ್ಯಕೀಯ ಪದವಿ ಇರಲಿಲ್ಲ. ವಾಚನಕಲೆ ಕಲಿತು, ಪರ್ತ್ ನಗರದಲ್ಲಿ ಅದನ್ನು ಕಲಿಸುತ್ತಿದ್ದವರು, ನಾಟಕದ ಹುಚ್ಚಿನವರು. ಮೊದಲನೆಯ ಮಹಾಯುದ್ಧದಿಂದ ಮಾತು ಕೆಟ್ಟು ಮರಳಿದ ಸೈನಿಕರಿಗೆ ನೆರವಾದಾಗ ಅವರ ಕೈಗುಣ ಬೆಳಕಿಗೆ ಬಂತು. 1924ರಲ್ಲಿ ಹೆಂಡತಿ ಮತ್ತು ಮೂವರು ಗಂಡುಮಕ್ಕಳೊಡನೆ ಲಂಡನ್ನಿಗೆ ಬಂದು, ದೊಡ್ಡ ದೊಡ್ಡ ಡಾಕ್ಟರುಗಳ ಬೀದಿಯಾದ ಹಾರ್ಲೆ ಸ್ಟ್ರೀಟಿನಲ್ಲಿ ಕೋಣೆ ಹಿಡಿದರು. 1926ರ ಅಕ್ಟೋಬರ್ 19ರಂದು ಡ್ಯೂಕರು ಅಲ್ಲಿಯ ಮೆಟ್ಟಿಲು ಹತ್ತಿದರು. ಅದಕ್ಕೆ ಮೊದಲು ಕಂಡಿದ್ದ ತಜ್ಞರಿಂದ ಏನೂ ಆಗಿರಲಿಲ್ಲ. ಇನ್ನೊಮ್ಮೆ ಆಸೆಪಟ್ಟು ಇನ್ನೊಮ್ಮೆ ನಿರಾಶರಾಗಲು ಅವರಿಗೆ ಮನಸ್ಸಿರಲಿಲ್ಲ. ಹೆಂಡತಿ ಎಲಿಜಬೆತ್ ಒಪ್ಪಿಸಿದರು.

ಲೋಗ್ ಮಾಡಿದ್ದಾದರೂ ಏನು? ಮಂತ್ರವಿಲ್ಲ, ಮಾಯವಿಲ್ಲ. ಉಸಿರನ್ನು ವಪೆಯಿಂದ ಎಳೆದು ಬಿಡುವ ಅಭ್ಯಾಸ, ತೆರೆದ ಕಿಟಕಿಯ ಮುಂದೆ ನಿಂತು ಸ್ವರಾಕ್ಷರಗಳನ್ನು ಗಟ್ಟಿಯಾಗಿ ನುಡಿಯುವ ಅಭ್ಯಾಸ, ನಾಲಗೆ ತೊಡರುವ ವಾಕ್ಯಗಳ ಪಾಠ. ನಮ್ಮಲ್ಲಿ ಮಕ್ಕಳಿಗೆ ‘ತರಿಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ’ ಹೇಳಿಸುತ್ತಾರಲ್ಲ, ಆ ಬಗೆಯದು. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಅವರು ರೋಗಿಗೆ ಕೊಟ್ಟ ಭರವಸೆ: ನಿನ್ನಲ್ಲಿ ಬುದ್ಧಿಯ ದೋಷವಿಲ್ಲ, ಸ್ವಭಾವದ ದೋಷವಿಲ್ಲ, ಇದು ಪರಿಶ್ರಮದಿಂದ ಹಿಡಿತಕ್ಕೆ ಬರುವ ತೊಂದರೆ. ಮೂವತ್ತು ವರ್ಷ ಇದಕ್ಕೆ ವಿರುದ್ಧವಾದದ್ದನ್ನೇ ಕೇಳುತ್ತ ಬಂದವರಿಗೆ ಈ ಮಾತೇ ಅರ್ಧ ಔಷಧಿಯಾಗಿದ್ದಿರಬೇಕು.

ಇಲ್ಲಿಂದ ಮುಂದೆ ಚಿತ್ರವೂ ಚರಿತ್ರೆಯೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಚಿತ್ರದಲ್ಲಿ ಇವರಿಬ್ಬರ ಭೇಟಿ 1930ರ ದಶಕಕ್ಕೆ ಸರಿದಿದೆ. ಉಗ್ಗು ಕೊನೆಯವರೆಗೂ ಬೆಟ್ಟದಷ್ಟಿದ್ದು 1939ರ ಆ ಒಂದು ಸಂಜೆ ಕರಗುತ್ತದೆ. ನಡೆದದ್ದು ಹಾಗಲ್ಲ. ಮೊದಲ 14 ತಿಂಗಳಲ್ಲೇ ಡ್ಯೂಕರು ಲೋಗರ ಬಳಿಗೆ 82 ಸಲ ಹೋದರು. ಅದರ ನಡುವೆಯೇ, 1927ರ ಮೇ 9ರಂದು, ಆಸ್ಟ್ರೇಲಿಯದ ಹೊಸ ರಾಜಧಾನಿ ಕ್ಯಾನ್‌ಬೆರಾದಲ್ಲಿ ಪಾರ್ಲಿಮೆಂಟು ಭವನವನ್ನು ತೆರೆದು, ನೆರೆದ ಜನರ ಮುಂದೆ ಭಾಷಣಗಳನ್ನು ತೃಪ್ತಿಕರವಾಗಿ ಮಾಡಿ ಮುಗಿಸಿದರು. ವೆಂಬ್ಲಿಯ ಅವಮಾನಕ್ಕೂ ಇದಕ್ಕೂ ನಡುವೆ ಎರಡು ವರ್ಷವೂ ಇಲ್ಲ. ಚಿತ್ರದಲ್ಲಿ ಕ್ಯಾನ್‌ಬೆರಾದ ಸುದ್ದಿಯೇ ಇಲ್ಲ. ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿದುಬಿಡುತ್ತಿತ್ತು.

ಬೇರೆ ವ್ಯತ್ಯಾಸಗಳೂ ಇವೆ. ಚಿತ್ರದ ಲೋಗ್ ರಾಜಕುಮಾರರನ್ನು ‘ಬರ್ಟಿ’ ಎಂದು ಮನೆಯ ಹೆಸರಿನಿಂದ ಕರೆಯುತ್ತಾರೆ, ಬೈಗುಳ ಬೈಯಿಸಿ ನಾಲಗೆ ಸಡಿಲಿಸುತ್ತಾರೆ. ಅವರ ಬರಹಗಳಲ್ಲಿ ಕಾಣುವ ಲೋಗ್ ಮರ್ಯಾದೆಯ ಗೆರೆ ದಾಟಿದವರಲ್ಲ. ಚಿತ್ರದ ಚರ್ಚಿಲ್ ಮೊದಲಿನಿಂದಲೂ ತಮ್ಮನ ಕಡೆಯವರು. ಚರಿತ್ರೆಯ ಚರ್ಚಿಲ್ 1936ರ ಡಿಸೆಂಬರಿನಲ್ಲಿ ಅಣ್ಣ ಎಂಟನೆಯ ಎಡ್ವರ್ಡರ ಪರವಾಗಿ ವಾದಿಸಲು ಹೋಗಿ ಪಾರ್ಲಿಮೆಂಟಿನಲ್ಲಿ ಕೂಗಾಟಕ್ಕೆ ಸಿಕ್ಕಿದವರು. ಇವೆಲ್ಲ ನಾಟಕಕಾರರು ಹಿಂದಿನಿಂದ ಪಡೆದುಕೊಂಡು ಬಂದಿರುವ ಸ್ವಾತಂತ್ರ್ಯಗಳು. ನನಗೆ ಅವುಗಳ ಬಗ್ಗೆ ಜಗಳವಿಲ್ಲ.

ಆದರೆ ಹದಿಮೂರು ವರ್ಷದ ದುಡಿಮೆಯನ್ನು ಒಂದು ಸಂಜೆಯ ಪವಾಡ ಮಾಡಿದ್ದರ ಬಗ್ಗೆ ಒಂದು ಮಾತಿದೆ. ಪವಾಡ ಕಂಡು ಮನೆಗೆ ಹೋದ ತಂದೆತಾಯಿಗಳು ಮಗುವಿನಿಂದಲೂ ಪವಾಡವನ್ನೇ ನಿರೀಕ್ಷಿಸುತ್ತಾರೆ. ಧೈರ್ಯ ಮಾಡಿದರೆ ಸಾಕು, ಒಳ್ಳೆಯ ಗುರು ಸಿಕ್ಕರೆ ಸಾಕು, ಉಗ್ಗು ಹೋದೀತೆಂದು ತಿಳಿಯುತ್ತಾರೆ. ದೊರೆಯ ಉಗ್ಗು ಹೋಗಲಿಲ್ಲ. 1936ರ ಡಿಸೆಂಬರಿನಲ್ಲಿ ಅವರು ಪಟ್ಟಕ್ಕೆ ಬಂದ ಎರಡೇ ದಿನಕ್ಕೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಲ್ಯಾಂಗ್ ಬಾನುಲಿಯಲ್ಲಿ, ಹೊಸ ದೊರೆಯ ಮಾತು ಆಗೊಮ್ಮೆ ಈಗೊಮ್ಮೆ ತಡೆಯುವುದುಂಟು, ಅದಕ್ಕೆ ಯಾರೂ ಮರುಗಬೇಕಾಗಿಲ್ಲ ಎಂಬ ಅರ್ಥದ ಮಾತಾಡಿದರು. ಸಮಾಧಾನ ಹೇಳಹೊರಟ ಆ ಮಾತು ಗಾಯವನ್ನು ಜಗತ್ತಿಗೆಲ್ಲ ತೋರಿಸಿಕೊಟ್ಟಿತು. 1937ರ ಮೇ 12ರ ಪಟ್ಟಾಭಿಷೇಕಕ್ಕೆ ಮತ್ತೆ ಲೋಗ್ ಬಂದರು, ಮತ್ತೆ ಅಭ್ಯಾಸ ನಡೆಯಿತು. ಅಂದಿನ ಸಂಜೆಯ ಬಾನುಲಿ ಭಾಷಣವೂ ಸಾಂಗವಾಗಿ ಮುಗಿಯಿತು.

ಯುದ್ಧ ಆರಂಭವಾದ ಸಂಜೆಯ ಭಾಷಣ ಸುಮಾರು 400 ಪದಗಳದು. ಲೋಗ್ ಇಂಥ ಭಾಷಣಗಳ ಪ್ರತಿಯನ್ನು ಮುಂಚೆಯೇ ತರಿಸಿಕೊಂಡು, ತೊಡಕಾಗುವ ಮಾತಿನ ಜಾಗದಲ್ಲಿ ಸುಲಭವಾದುದನ್ನು ಸೂಚಿಸಿ, ಎಲ್ಲಿ ನಿಲ್ಲಬೇಕೆಂಬುದಕ್ಕೆ ಗೆರೆ ಎಳೆದುಕೊಡುತ್ತಿದ್ದರು. ಆ ಧ್ವನಿಮುದ್ರಣ ಇಂದಿಗೂ ಕೇಳಸಿಗುತ್ತದೆ. ಕೇಳಿ ನೋಡಿ. ಅದರಲ್ಲಿ ಚಿತ್ರದ ಬೀಥೋವನ್ ಸಂಗೀತವಿಲ್ಲ. ಎರಡು ಮಾತು, ಒಂದು ನಿಲುಗಡೆ. ಮೂರು ಮಾತು, ಮತ್ತೊಂದು ನಿಲುಗಡೆ. ಆ ನಿಲುಗಡೆಗಳಲ್ಲಿ ಕೆಲವು ಲೋಗರ ಗೆರೆಗಳು, ಕೆಲವು ಉಗ್ಗಿನವು. ಯಾವುದು ಯಾವುದೆಂದು ಕೇಳುವವರಿಗೆ ತಿಳಿಯುವುದಿಲ್ಲ. ಲೋಗ್ ಸಾಧಿಸಿದ್ದು ಇದನ್ನೇ. ತಡೆಯನ್ನು ಅವರು ಕಿತ್ತುಹಾಕಲಿಲ್ಲ, ಮಾತಿನ ನಡಿಗೆಯೊಳಕ್ಕೆ ಸೇರಿಸಿಬಿಟ್ಟರು. ಕೇಳುವವರಿಗೆ ಅದು ಗಾಂಭೀರ್ಯವಾಗಿ ಕೇಳಿಸಿತು. ಭಾಷಣವಾದ ಮೇಲೆ ಚಿತ್ರದ ದೊರೆ, ಎಲ್ಲೋ ಒಂದೆರಡು ಕಡೆ ತೊದಲದಿದ್ದರೆ ಮಾತಾಡಿದ್ದು ನಾನೇ ಎಂದು ಜನಕ್ಕೆ ಹೇಗೆ ಗೊತ್ತಾಗಬೇಕು ಎಂದು ನಗೆಯಾಡುತ್ತಾರೆ. ಇದು ಬರಿಯ ಕಟ್ಟುಕಥೆಯಲ್ಲ. ಬೇರೊಂದು ಸಂದರ್ಭದಲ್ಲಿ ದೊರೆ ಆಡಿದ ಇಂಥ ಮಾತನ್ನು ಲೋಗ್ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ತನ್ನ ಕೊರತೆಯನ್ನು ತಾನೇ ಹಾಸ್ಯ ಮಾಡಬಲ್ಲವನಿಗೆ ಅದು ಹೆದರಿಕೆಯ ವಸ್ತುವಾಗಿ ಉಳಿದಿರುವುದಿಲ್ಲ.

ಭಾರತದವನಾಗಿ ಈ ದೃಶ್ಯವನ್ನು ನೋಡುವಾಗ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಆಡಿದ್ದನ್ನೂ ಹೇಳಬೇಕು. ಆ ಸಂಜೆ ಮಾತಾಡಿದವರು ಭಾರತದ ಚಕ್ರವರ್ತಿಯೂ ಹೌದು. ಸ್ವದೇಶದ ಮತ್ತು ಸಮುದ್ರದಾಚೆಯ ತಮ್ಮೆಲ್ಲ ಪ್ರಜೆಗಳನ್ನು ಉದ್ದೇಶಿಸಿ ಅವರು ಮಾತಾಡುತ್ತಿದ್ದರು. ಅದೇ ದಿನ ವೈಸರಾಯ್ ಲಿನ್‌ಲಿತ್‌ಗೋ, ಈ ದೇಶದ ನಾಯಕರೊಬ್ಬರನ್ನೂ ಕೇಳದೆ, ಭಾರತವೂ ಯುದ್ಧದಲ್ಲಿದೆ ಎಂದು ಸಾರಿದರು. ಇದನ್ನು ಪ್ರತಿಭಟಿಸಿ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ಆ ವರ್ಷದ ಕೊನೆಯೊಳಗೆ ರಾಜೀನಾಮೆ ಕೊಟ್ಟವು. ಒಬ್ಬರು ಬಹು ಕಷ್ಟಪಟ್ಟು ದನಿ ಪಡೆದರು. ಆ ದನಿಯ ಹೆಸರಿನಲ್ಲಿ ಕೋಟ್ಯಂತರ ಜನರ ಬಾಯಿ ಕಟ್ಟಿತು. ದೊರೆಯ ವೈಯಕ್ತಿಕ ಪರಿಶ್ರಮವನ್ನು ಇದು ಕಿರಿದು ಮಾಡುವುದಿಲ್ಲ. ಆದರೆ ಚಿತ್ರದ ಕೊನೆಯಲ್ಲಿ ಬಾನುಲಿಗೆ ಕಿವಿಗೊಟ್ಟು ಕುಳಿತ ಜನರನ್ನು ತೋರಿಸುವಾಗ, ಅಲ್ಲಿ ಕಾಣದ ಕೇಳುಗರನ್ನು ನಾವಾದರೂ ನೆನೆಯಬೇಡವೆ? ಆರನೆಯ ಜಾರ್ಜರು ಚಕ್ರವರ್ತಿಯಾಗಿ ಭಾರತಕ್ಕೆ ಬರಲೇ ಇಲ್ಲ. 1948ರ ಜೂನಿನಲ್ಲಿ ಆ ಬಿರುದನ್ನು ಬಿಟ್ಟುಕೊಟ್ಟರು.

ಯುದ್ಧದುದ್ದಕ್ಕೂ ಲೋಗ್ ಅವರೊಡನಿದ್ದರು. 1944ರ ಕ್ರಿಸ್ಮಸ್ ಭಾಷಣವನ್ನು ಮಾತ್ರ ದೊರೆ ಒಬ್ಬರೇ ಮಾಡುವುದೆಂದಾಯಿತು. ಲೋಗ್ ತಮ್ಮ ಮನೆಯಲ್ಲಿ ಕುಳಿತು ಕೇಳಿದರು. ಮಗನನ್ನು ಮೊದಲ ಸಲ ಒಂಟಿಯಾಗಿ ಪರವೂರಿಗೆ ಕಳಿಸಿದ ತಂದೆಯ ಹಾಗಿದ್ದೀತು ಅವರ ಸ್ಥಿತಿ. 1951ರಲ್ಲಿ ಶಸ್ತ್ರಚಿಕಿತ್ಸೆಯಿಂದ ದೊರೆಯ ಎಡ ಶ್ವಾಸಕೋಶವನ್ನು ತೆಗೆದರು. ಆ ವರ್ಷದ ಕ್ರಿಸ್ಮಸ್ ಭಾಷಣವನ್ನು ನೇರವಾಗಿ ಮಾಡಲಾಗದೆ, ತುಂಡು ತುಂಡಾಗಿ ಮುದ್ರಿಸಿ ಜೋಡಿಸಬೇಕಾಯಿತು. ಉಸಿರಿನ ಅಭ್ಯಾಸದಿಂದ ಮಾತು ಗೆದ್ದವರಿಗೆ ಕೊನೆಗೆ ಉಸಿರೇ ಸಾಲದಾಯಿತು. 1952ರ ಫೆಬ್ರವರಿ 6ರಂದು ಅವರು ತೀರಿಕೊಂಡರು; ಲೋಗ್ 1953ರ ಏಪ್ರಿಲಿನಲ್ಲಿ.

ಈ ಕಥೆ ತೆರೆಗೆ ಬಂದ ಬಗೆಯೂ ಕೇಳತಕ್ಕದ್ದೇ. ಚಿತ್ರಕಥೆಗಾರ ಸೈಡ್ಲರ್ ಹುಟ್ಟಿದ್ದು ಪಟ್ಟಾಭಿಷೇಕದ ವರ್ಷವಾದ 1937ರಲ್ಲಿ. ಅವರೂ ಬಾಲ್ಯದಿಂದ ಉಗ್ಗಿದವರು. ಯುದ್ಧಕಾಲದಲ್ಲಿ ತಂದೆತಾಯಿಗಳು ದೊರೆಯ ಭಾಷಣವನ್ನು ಕೇಳಿಸಿ ಮಗುವಿಗೆ ಧೈರ್ಯ ಹೇಳುತ್ತಿದ್ದರು. ದೊಡ್ಡವರಾದ ಮೇಲೆ ಸೈಡ್ಲರ್ ಲೋಗರ ಮಗನನ್ನು ಕಂಡು ದಾಖಲೆಗಳನ್ನು ಕೇಳಿದರು. ರಾಜಮಾತೆಯ ಒಪ್ಪಿಗೆ ತನ್ನಿ ಎಂದು ಉತ್ತರ ಬಂತು. ರಾಜಮಾತೆ ಎಲಿಜಬೆತ್ ತಮ್ಮ ಜೀವಮಾನದಲ್ಲಿ ಬೇಡ, ಆ ನೆನಪು ಇನ್ನೂ ನೋಯಿಸುತ್ತದೆ ಎಂದು ತಿಳಿಸಿದರು. ಸೈಡ್ಲರ್ ಕಾದರು. ಆಕೆ ತೀರಿಕೊಂಡದ್ದು 2002ರಲ್ಲಿ, 101 ವರ್ಷ ತುಂಬಿದ ಮೇಲೆ. ವಿಜಯದ ಕಥೆ ಎಂದು ನಾವು ಚಪ್ಪಾಳೆ ತಟ್ಟಿದ್ದು ಹೆಂಡತಿಯ ಪಾಲಿಗೆ, ಅರ್ಧ ಶತಮಾನ ಕಳೆದರೂ, ನೋವಿನ ಕಥೆಯಾಗಿಯೇ ಇತ್ತು.

ಉಗ್ಗಿನ ವಿಚಾರದಲ್ಲಿ ಈಗ ತಿಳಿವು ಹೆಚ್ಚಿದೆ. ಎಡಗೈಯನ್ನು ಬಲಗೈ ಮಾಡಿದ್ದರಿಂದ ಉಗ್ಗು ಹುಟ್ಟುತ್ತದೆಂಬ ಅಂದಿನ ವಾದವನ್ನು ಇಂದಿನ ಶಾಸ್ತ್ರ ಎತ್ತಿಹಿಡಿಯುವುದಿಲ್ಲ. ಮೆದುಳಿನಲ್ಲಿ ಮಾತಿನ ವ್ಯವಸ್ಥೆ ಬೆಳೆಯುವ ಬಗೆಯಲ್ಲಿ ಇದರ ಮೂಲವಿದೆ, ವಂಶವಾಹಿಗಳ ಪಾಲೂ ಇದೆ. ಅಂಜಿಕೆ ಮತ್ತು ಗದರಿಕೆ ಇದನ್ನು ಹುಟ್ಟಿಸುವುದಿಲ್ಲ, ಹೆಚ್ಚಿಸಬಲ್ಲವು. ನೂರಕ್ಕೆ ಸುಮಾರು 5 ಮಕ್ಕಳು ಒಂದು ಕಾಲಕ್ಕೆ ಉಗ್ಗುತ್ತಾರೆ. ಬಹುಪಾಲು ಮಕ್ಕಳಿಗೆ ಅದು ತಾನಾಗಿ ಹೋಗುತ್ತದೆ, ನೂರಕ್ಕೆ ಸುಮಾರು 1 ಮಂದಿಗೆ ದೊಡ್ಡವರಾದ ಮೇಲೂ ಉಳಿಯುತ್ತದೆ. ಹಾಡುವಾಗ, ಇತರರೊಡನೆ ಒಟ್ಟಾಗಿ ನುಡಿಯುವಾಗ ಉಗ್ಗು ಮಾಯವಾಗುವುದು ಎಲ್ಲ ಕಡೆಯೂ ಕಂಡುಬಂದಿರುವ ಸಂಗತಿ. ಶನಿವಾರದ ಭಜನೆಯಲ್ಲಿ ನನ್ನ ಗೆಳೆಯ ಕಳ್ಳತನವೇನೂ ಮಾಡಿರಲಿಲ್ಲ. ಇದನ್ನೆಲ್ಲ ಅಭ್ಯಾಸಮಾಡಿ ಚಿಕಿತ್ಸೆ ನೀಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲೇ ಇದೆ. ಲಂಡನ್ನಿಗೆ ಹೋಗಿ ಲೋಗರನ್ನು ಹುಡುಕಬೇಕಾಗಿಲ್ಲ.

ನಮ್ಮ ಭಾಷೆಯಲ್ಲಿ ಮಗುವಿನದಾದರೆ ಅದು ತೊದಲ್ನುಡಿ, ಎತ್ತಿ ಮುದ್ದಾಡುತ್ತೇವೆ. ಅದೇ ಮಗು ಬೆಳೆದು ತೊದಲಿದರೆ ‘ಉಗ್ಗ’ ಎಂದು ಹೆಸರಿಡುತ್ತೇವೆ. ನಾಟಕದಲ್ಲಿ ನಗಿಸುವುದಕ್ಕೆ ಅವನ ಪಾತ್ರ ತರುತ್ತೇವೆ. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನು ಎಲ್ಲರೂ ಹೇಳುತ್ತೇವೆ. ಕೇಳಬಲ್ಲವನ ಬಗ್ಗೆ ಅಷ್ಟಾಗಿ ಹೇಳುವುದಿಲ್ಲ. ಉಗ್ಗುವವನ ಮಾತು ಪೂರೈಸಬೇಕಾದರೆ ಅರ್ಧ ಕೆಲಸ ಅವನದು, ಉಳಿದರ್ಧ ಕೇಳುವವರದು. ಆರನೆಯ ಜಾರ್ಜರು ತಮ್ಮ ಪಾಲಿನದನ್ನು ಹದಿಮೂರು ವರ್ಷ ದುಡಿದು ಮಾಡಿದರು. ಉಳಿದರ್ಧವನ್ನು ಜನ ಮಾಡಿದರು. ಮಾತಾಡುತ್ತಿದ್ದವರು ದೊರೆಯಾದ್ದರಿಂದ ಪ್ರತಿ ನಿಲುಗಡೆಯಲ್ಲೂ ಕಿವಿಗೊಟ್ಟು ಕಾದರು.

ನಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಆ ಹುಡುಗನ ಹೆಸರಿನ ಮುಂದೆ ಎಷ್ಟೋ ಗೈರುಹಾಜರಿ ಗುರುತುಗಳಿದ್ದವು. ‘ಹಾಜರ್ ಸಾರ್’ ಎನ್ನಲು ಅವನಿಗೆ ಬೇಕಾಗಿದ್ದದ್ದು ಹೆಚ್ಚೆಂದರೆ ಹತ್ತು ಸೆಕೆಂಡು. ಮೇಷ್ಟ್ರೂ ಕಾಯಲಿಲ್ಲ, ನಾವೂ ಕಾಯಲಿಲ್ಲ. ಅವನು ಈಗ ಎಲ್ಲಿದ್ದಾನೋ. ಇದನ್ನು ಓದುವವರ ಮನೆಯಲ್ಲೋ ತರಗತಿಯಲ್ಲೋ ಅಂಥ ಮಗುವಿದ್ದರೆ, ಆ ಹತ್ತು ಸೆಕೆಂಡನ್ನು ಅದಕ್ಕೆ ಬಿಟ್ಟುಕೊಡಿ ಎಂದಷ್ಟೇ ನನ್ನ ಬಿನ್ನಹ.